ಹೊಲಿಗೆ ಡಬ್ಬಿಯ ದಾರದಿಂದ ಮೀನಿನ ಫ್ಲೈ ಕಟ್ಟಬಹುದೇ?

ಪ್ರಶ್ನೆ: ಗಾಳಕ್ಕೆ ಬೇಕಾದ ಫ್ಲೈಗಳನ್ನು, ಅಂದರೆ ಕೊಕ್ಕೆಯ ಮೇಲೆ ನೂಲು, ಗರಿ ಕಟ್ಟಿ ಹುಳುವಿನಂತೆ ಮಾಡುವ ಕೃತಕ ಎರೆಗಳನ್ನು, ನಾನೇ ಕಟ್ಟಲು ಶುರುಮಾಡಿದ್ದೇನೆ. ಸಿದ್ಧ ಸಾಮಗ್ರಿಯ ಕಿಟ್ ದುಬಾರಿ ಎನಿಸಿದ್ದರಿಂದ ಮನೆಯಲ್ಲಿದ್ದ ಹೊಲಿಗೆ ದಾರ, ಉಲ್ಲನ್ ನೂಲು, ಮಕ್ಕಳ ಕ್ರಾಫ್ಟ್ ಫೋಮ್, ಹಳೆಯ ದಿಂಬಿನ ಪುಕ್ಕ, ವೈರಿನೊಳಗಿನ ತಾಮ್ರದ ಎಳೆ ಇವನ್ನೇ ಬಳಸಿದೆ. ನೋಡಲು ಚೆನ್ನಾಗಿವೆ. ಆದರೆ ತೇಲಬೇಕಾದವು ಮುಳುಗುತ್ತವೆ. ಕೆಲವು ನಾಲ್ಕಾರು ಸಲ ಬೀಸುವಷ್ಟರಲ್ಲಿ ಬಿಚ್ಚಿಹೋಗುತ್ತವೆ. ತಪ್ಪು ಸಾಮಗ್ರಿಯದೋ, ಕೈಯದೋ? ಯಾವುದನ್ನು ಮನೆಯದೇ ಬಳಸಬಹುದು, ಯಾವುದನ್ನು ಕೊಳ್ಳಲೇಬೇಕು?

ಉತ್ತರ: ನೀವು ಹೇಳಿದ ಎರಡು ತೊಂದರೆಗಳಲ್ಲಿ ಮುಳುಗುವುದು ಸಾಮಗ್ರಿಯ ತಪ್ಪು, ಬಿಚ್ಚಿಹೋಗುವುದು ಬಹುಮಟ್ಟಿಗೆ ಕೈಯ ತಪ್ಪು. ಎರಡೂ ಸರಿಪಡಿಸಿಕೊಳ್ಳಬಹುದಾದವೇ. ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮನೆಯ ಸಾಮಗ್ರಿಯಿಂದ ಕಟ್ಟುವುದು ಬಡವರ ಬದಲಿ ವ್ಯವಸ್ಥೆಯಲ್ಲ, ಈ ಕಸಬು ಹುಟ್ಟಿದ್ದೇ ಹಾಗೆ. ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮನ್ ಬರಹಗಾರ ಈಲಿಯನ್, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದಕ್ಕೆ ಹುಂಜದ ಎರಡು ಗರಿ ಸಿಕ್ಕಿಸಿ ನದಿಯಲ್ಲಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ಕಟ್ಟಿದ, ಇಂದಿಗೂ ಬಳಕೆಯಲ್ಲಿರುವ ಕಿಲ್ಲರ್ ಬಗ್ ಎಂಬ ಫ್ಲೈನಲ್ಲಿ ಇರುವುದು ಕಾಲುಚೀಲದ ತೂತು ಮುಚ್ಚುವ ಉಣ್ಣೆ ನೂಲು ಮತ್ತು ತಾಮ್ರದ ತಂತಿ, ಅಷ್ಟೇ. ಸಾಯರ್ ಬಳಸಿದ ಚ್ಯಾಡ್‌ವಿಕ್ಸ್ 477 ಎಂಬ ಆ ನೂಲಿನ ತಯಾರಿಕೆ ನಿಂತುಹೋದ ಮೇಲೆ, ಉಳಿದ ತುಣುಕುಗಳನ್ನು ಜನ ಹುಡುಕಿ ಹುಡುಕಿ ದುಬಾರಿ ಬೆಲೆಗೆ ಕೊಂಡರು. ಅಗ್ಗದ ನೂಲೊಂದು ಹೀಗೆ ಸಂಗ್ರಹಯೋಗ್ಯ ವಸ್ತುವಾದದ್ದು ಈ ಹವ್ಯಾಸದ ತಮಾಷೆಗಳಲ್ಲಿ ಒಂದು.

ಆದ್ದರಿಂದ ಒಂದು ವಸ್ತು ಎಲ್ಲಿಂದ ಬಂತು, ಎಷ್ಟಕ್ಕೆ ಬಂತು ಎಂಬುದು ಮುಖ್ಯವಲ್ಲ. ನೀರಿಗೆ ಬಿದ್ದಾಗ ಅದು ತೇಲುತ್ತದೆಯೇ, ನೀರು ಕುಡಿಯುತ್ತದೆಯೇ, ಅಲುಗಾಡುತ್ತದೆಯೇ, ಅದರ ಬಣ್ಣ ಏನಾಗುತ್ತದೆ ಎಂಬುದೇ ಮುಖ್ಯ. ಇದನ್ನು ತಿಳಿಯಲು ಒಂದು ಲೋಟ ನೀರು ಸಾಕು. ನೀವು ಬಳಸಬೇಕೆಂದಿರುವ ನೂಲಿನ ಅಥವಾ ಫೋಮಿನ ಚೂರೊಂದನ್ನು ಕತ್ತರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರಿನಲ್ಲಿ ಮುಳುಗಿಸಿ, ಎಳೆಗಳ ನಡುವಿನ ಗಾಳಿಯೆಲ್ಲ ಹೋಗುವಂತೆ ಬೆರಳಿನಿಂದ ಹಿಂಡಿ ಬಿಡಿ. ಸೋಪು ಯಾಕೆಂದರೆ, ಹಗುರವಾದ ಎಳೆ ನೀರಿನ ಮೇಲ್ಮೈ ಬಿಗಿತದ ಮೇಲೆ ಸುಮ್ಮನೆ ಕುಳಿತು ತೇಲಿದಂತೆ ನಟಿಸಬಲ್ಲದು. ಸೋಪು ಆ ಆಸರೆಯನ್ನು ತೆಗೆದುಹಾಕುತ್ತದೆ. ಉಣ್ಣೆ, ಹತ್ತಿ, ಅಕ್ರಿಲಿಕ್, ನೈಲಾನ್, ಪಾಲಿಯೆಸ್ಟರ್ ಇವೆಲ್ಲವೂ ನೀರಿಗಿಂತ ಭಾರವಾದವು, ತಳ ಸೇರುತ್ತವೆ. ಗಂಟು ಹಾಕಿ ಹೆಣೆಯುವ ಕೆಲವು ಮ್ಯಾಕ್ರಮೆ ಹಗ್ಗ ಮತ್ತು ಕೆಲವು ಕರಕುಶಲ ನೂಲುಗಳಲ್ಲಿ ಸಿಗುವ ಪಾಲಿಪ್ರೊಪಿಲೀನ್ ಮಾತ್ರ ಸಾಂದ್ರತೆ ಸುಮಾರು 0.9 ಇರುವುದರಿಂದ ಮೇಲೆದ್ದು ಬರುತ್ತದೆ. ನಿಮ್ಮ ಉಲ್ಲನ್ ನೂಲಿನ ಫ್ಲೈ ಮುಳುಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಉಣ್ಣೆ ತನ್ನ ತೂಕದ ಜೊತೆಗೆ ನೀರನ್ನೂ ಹೀರಿಕೊಂಡು ಇಳಿಯುತ್ತದೆ, ಮುಳುಗಿಸಬೇಕಾದ ಫ್ಲೈಗೆ ಅದೇ ಅದರ ಗುಣ. ಅದೇ ಲೋಟದಲ್ಲಿ ಬಣ್ಣವನ್ನೂ ನೋಡಿಕೊಳ್ಳಿ. ಒಣಗಿದ್ದಾಗ ತಿಳಿ ಕಂದು ಕಾಣುವ ನೂಲು ಒದ್ದೆಯಾದಾಗ ಎರಡು ಛಾಯೆ ಗಾಢವಾಗಬಹುದು. ಮೀನು ಕಾಣುವುದು ಆ ಒದ್ದೆ ಬಣ್ಣವನ್ನೇ ಹೊರತು ನಿಮ್ಮ ಮೇಜಿನ ದೀಪದ ಕೆಳಗಿನ ಬಣ್ಣವನ್ನಲ್ಲ. ನೂಲು ಯಾವುದರದೆಂದು ಗೊತ್ತಿಲ್ಲದಿದ್ದರೆ ಒಂದೆಳೆಯನ್ನು ಬೆಂಕಿಗೆ ಹಿಡಿಯಿರಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಟ್ಟು ಪುಡಿಯಾಗುತ್ತದೆ, ಕೃತಕ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ.

ಇನ್ನು ಕೊಳ್ಳಲೇಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಕೊಕ್ಕೆ. ಉಳಿದೆಲ್ಲವನ್ನೂ ಹೇಗೋ ಹೊಂದಿಸಿಕೊಳ್ಳಬಹುದು, ಆದರೆ ಮೊಂಡಾದ ಅಥವಾ ಮೆತ್ತಗಿನ ಕೊಕ್ಕೆಯ ಮೇಲೆ ಎಷ್ಟು ಅಂದವಾಗಿ ಕಟ್ಟಿದರೂ ಮೀನು ಉಳಿಯುವುದಿಲ್ಲ. ಕೊಂಡ ಕೊಕ್ಕೆಯನ್ನೂ ಪರೀಕ್ಷಿಸಿ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದರೆ ಅದು ಜಾರದೆ ಕಚ್ಚಿಕೊಳ್ಳಬೇಕು. ಕೊಕ್ಕೆಯ ಬಾಗನ್ನು ಬಿಗಿಯಾಗಿ ಹಿಡಿದು, ಗಾಳದ ದಾರ ಪೋಣಿಸುವ ತೂತಾದ ಕಣ್ಣಿನ ಕಡೆಯ ತುದಿಯನ್ನು ತುಸು ಒತ್ತಿ ಬಿಟ್ಟರೆ ಅದು ಮಣಿದು ಮೊದಲಿನ ಸ್ಥಿತಿಗೆ ಮರಳಬೇಕು. ಬಾಗಿದಂತೆಯೇ ಉಳಿದರೆ ಮೆದು, ಮುರಿದರೆ ಪೆಡಸು. ಅಳತೆಯ ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು ಎಂಬುದನ್ನು ನೆನಪಿಡಿ. ಹೊಲಿಗೆ ದಾರದಿಂದ ಕಟ್ಟುವವರು 8 ಅಥವಾ 10ನೇ ಅಳತೆಯಿಂದ ಆರಂಭಿಸುವುದು ಕ್ಷೇಮ. ತೇಲುವ ಫ್ಲೈಗೆ ತೆಳು ತಂತಿಯ ಕೊಕ್ಕೆ ಬೇಕು; ಎರೆ ಸಿಕ್ಕಿಸುವ ಸಾಮಾನ್ಯ ದಪ್ಪ ಕೊಕ್ಕೆ ಮುಳುಗುವ ಫ್ಲೈಗೆ ಚೆನ್ನಾಗಿಯೇ ಒದಗುತ್ತದೆ. ಕಟ್ಟುವ ಮೊದಲೇ ಇಕ್ಕಳದಿಂದ ಮೊನೆಯ ಹಿಂದಿನ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿಗೂ ನಿಮ್ಮ ಬೆರಳಿಗೂ ಅದು ಒಳ್ಳೆಯದು, ಜೊತೆಗೆ ಕಟ್ಟಿದ ಮೇಲೆ ಒತ್ತಲು ಹೋಗಿ ಮೊನೆ ಮುರಿದರೆ ಅಷ್ಟೂ ಶ್ರಮ ವ್ಯರ್ಥವಾಗುವುದು ತಪ್ಪುತ್ತದೆ.

ಕೊಕ್ಕೆಯನ್ನು ಹಿಡಿಯುವ ವೈಸ್ ಇಲ್ಲದೆಯೂ ಶತಮಾನಗಳ ಕಾಲ ಜನ ಬೆರಳುಗಳ ನಡುವೆ ಹಿಡಿದೇ ಕಟ್ಟಿದ್ದಾರೆ. ಆದರೆ ಕಲಿಯುವವರಿಗೆ ಎರಡೂ ಕೈ ಖಾಲಿ ಇರುವುದು ಅಗತ್ಯ. ಲಾಕ್ ಆಗುವ ಇಕ್ಕಳವೊಂದನ್ನು ಮೇಜಿನ ಅಂಚಿಗೆ ಕ್ಲ್ಯಾಂಪಿನಿಂದ ಬಿಗಿದರೆ ಸಾಕಷ್ಟು ಗಟ್ಟಿಯಾದ ವೈಸ್ ಆಗುತ್ತದೆ. ಇಕ್ಕಳದ ದವಡೆ ಕೊಕ್ಕೆಯ ಬಾಗನ್ನು ಮಾತ್ರ ಹಿಡಿಯಲಿ, ಮೊನೆಯನ್ನು ಕಚ್ಚದಿರಲಿ. ದಾರದ ಉರುಳೆಯನ್ನು ಹಿಡಿದು ತೂಗುವ ಬಾಬಿನ್ ಎಂಬ ಉಪಕರಣ ಇಲ್ಲದಿದ್ದರೆ ದಾರದ ತುದಿಗೆ ಬಟ್ಟೆ ಕ್ಲಿಪ್ಪೊಂದನ್ನು ಕಚ್ಚಿಸಿ ಇಳಿಬಿಡಿ. ಅದರ ಭಾರವೇ ದಾರವನ್ನು ಬಿಗಿಯಾಗಿಡುತ್ತದೆ. ಗರಿಯ ತುದಿ ಹಿಡಿದು ಸುತ್ತಲು ವಿದ್ಯುತ್ ಕೆಲಸದ ಸಣ್ಣ ಮೊಸಳೆ ಕ್ಲಿಪ್ ಬಳಸಬಹುದು, ಆದರೆ ಅದರ ಹಲ್ಲುಗಳು ಗರಿಯನ್ನು ಕತ್ತರಿಸದಂತೆ ರಬ್ಬರ್ ನಳಿಕೆಯ ಚೂರು ತೊಡಿಸಿ. ಕತ್ತರಿಗಳು ಮಾತ್ರ ಎರಡಿರಲಿ. ಕಸೂತಿಗೆ ಬಳಸುವ ಚೂಪಾದ ಸಣ್ಣ ಕತ್ತರಿ ದಾರಕ್ಕೂ ಗರಿಗೂ, ತಂತಿಗೆ ಹಳೆಯದೊಂದು.

ದಾರದ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಫ್ಲೈಗಳು ಬಿಚ್ಚಿಹೋಗುವ ಕಾರಣ ಇಲ್ಲಿದೆ. ಫ್ಲೈ ಕಟ್ಟಲೆಂದೇ ಮಾರುವ ದಾರ ಸಾಮಾನ್ಯವಾಗಿ 70 ಅಥವಾ 140 ಡೆನಿಯರ್ ಇರುತ್ತದೆ, ಅಂದರೆ 9000 ಮೀಟರ್ ಉದ್ದದ ದಾರ 70 ಅಥವಾ 140 ಗ್ರಾಂ ತೂಗುತ್ತದೆ. ಬಟ್ಟೆ ಹೊಲಿಯುವ ಸಾಮಾನ್ಯ ಪಾಲಿಯೆಸ್ಟರ್ ದಾರ ಸುಮಾರು 240 ಡೆನಿಯರ್. ಗಟ್ಟಿತನದಲ್ಲಿ ಅದಕ್ಕೇನೂ ಕೊರತೆಯಿಲ್ಲ, ಆದರೆ ದಪ್ಪ 70 ಡೆನಿಯರ್ ದಾರದ ಸುಮಾರು ಎರಡು ಪಟ್ಟು ಇರುವುದರಿಂದ ಪ್ರತಿ ಸುತ್ತೂ ಉಬ್ಬನ್ನು ಸೇರಿಸುತ್ತದೆ. ಅಂಗಡಿಯ ದಾರದಲ್ಲಿ ಹತ್ತು ಸುತ್ತು ಹಾಕುವ ಕಡೆ ನೀವು ನಾಲ್ಕೈದರಲ್ಲಿ ಮುಗಿಸಬೇಕು, ಹಾಗಾಗಿ ಒಂದೊಂದು ಸುತ್ತೂ ಬಿಗಿಯಾಗಿರಬೇಕು. ಹೊಸಬರು ದಾರ ತುಂಡಾದೀತೆಂಬ ಭಯದಿಂದ ಸಡಿಲವಾಗಿ ಸುತ್ತಿ, ಆ ಸಡಿಲವನ್ನು ಹೆಚ್ಚು ಸುತ್ತುಗಳಿಂದ ತುಂಬಿಸಲು ನೋಡುತ್ತಾರೆ. ಅದರ ಬದಲು ಖಾಲಿ ಕೊಕ್ಕೆಗೆ ದಾರ ಕಟ್ಟಿ, ತುಂಡಾಗುವವರೆಗೂ ಬೇಕೆಂದೇ ನಾಲ್ಕಾರು ಬಾರಿ ಎಳೆದು ನೋಡಿ. ಎಷ್ಟು ಬಿಗಿ ತಡೆಯುತ್ತದೆ ಎಂಬುದು ಕೈಗೆ ತಾನಾಗಿ ತಿಳಿಯುತ್ತದೆ. ದಾರದ ಹುರಿಯನ್ನು ಆಗಾಗ ತಿರುಗಿಸಿ ಸಡಿಲಿಸಿದರೆ ಅದು ಚಪ್ಪಟೆಯಾಗಿ ಕೂತು ಉಬ್ಬು ಕಡಿಮೆಯಾಗುತ್ತದೆ. ಚಿಕ್ಕ ಕೊಕ್ಕೆಗೆ ಇಳಿಯಬೇಕೆಂದಾಗ, ಯಂತ್ರ ಕಸೂತಿಯಲ್ಲಿ ಕೆಳಗಿನ ಬಾಬಿನ್ನಿಗೆ ಹಾಕುವ ತೆಳು ಪಾಲಿಯೆಸ್ಟರ್ ದಾರವನ್ನು ಹುಡುಕಿಕೊಳ್ಳಿ. ಹತ್ತಿ ದಾರ ಬೇಡ. ಒದ್ದೆಯಾದಾಗ ಕಪ್ಪಿಡುತ್ತದೆ, ಡಬ್ಬಿಯಲ್ಲಿ ತೇವ ಉಳಿದರೆ ಕೊಳೆಯುತ್ತದೆ.

ಬರಿಯ ಲೋಹದ ಮೇಲೆ ಯಾವುದನ್ನೂ ನೇರವಾಗಿ ಕಟ್ಟಬೇಡಿ. ಮೊದಲು ಕೊಕ್ಕೆಯ ದಂಡದ, ಅಂದರೆ ಕಣ್ಣಿನಿಂದ ಬಾಗಿನವರೆಗಿನ ನೇರ ಭಾಗದ ಮೇಲೆ ದಾರವನ್ನು ಒತ್ತೊತ್ತಾಗಿ ಸುತ್ತಿ ಒಂದು ಹಾಸು ಮಾಡಿಕೊಳ್ಳಿ, ಇಲ್ಲದಿದ್ದರೆ ಮೈಯೆಲ್ಲ ದಂಡದ ಸುತ್ತ ಗಿರಕಿ ಹೊಡೆಯುತ್ತದೆ. ಕಣ್ಣಿನ ಹಿಂದೆ ಒಂದು ಕಣ್ಣಿನಷ್ಟು ಜಾಗವನ್ನು ಕೊನೆಯವರೆಗೂ ಖಾಲಿ ಬಿಡಿ. ಆ ಜಾಗ ತುಂಬಿಹೋದರೆ ಕೊನೆಯ ಗಂಟಿಗೆ ನೆಲೆಯಿರುವುದಿಲ್ಲ, ಗಂಟು ಕಣ್ಣಿನ ಮೇಲಿಂದ ಜಾರಿ ಬರುತ್ತದೆ; ಬಿಚ್ಚಿಹೋದ ಫ್ಲೈಗಳನ್ನು ನೋಡಿದಾಗ ನನಗೆ ಮತ್ತೆ ಮತ್ತೆ ಕಾಣುವ ದೋಷ ಇದೇ. ಕೊನೆಯ ಗಂಟಿಗೆ ರೀಫಿಲ್ ತೆಗೆದ ಬಾಲ್ ಪೆನ್ನಿನ ಮುಂಭಾಗವೇ ಉಪಕರಣ. ದಾರವನ್ನು ಅದರ ಚೂಪು ತುದಿಯ ಮೇಲೆ ಕುಣಿಕೆಯಾಗಿ ಎರಡು ಸುತ್ತು ಹಾಕಿ, ತುದಿಯ ತೂತನ್ನು ಕೊಕ್ಕೆಯ ಕಣ್ಣಿಗೆ ತೊಡಿಸಿ, ಕುಣಿಕೆಗಳನ್ನು ಹಾಗೆಯೇ ಫ್ಲೈನ ತಲೆಯ ಮೇಲೆ ಜಾರಿಸಿ ಬಿಗಿಯಾಗಿ ಎಳೆಯಿರಿ. ಹೀಗೆ ಮೂರು ಬಾರಿ ಮಾಡಿ, ಬಣ್ಣವಿಲ್ಲದ ನೇಲ್ ಪಾಲಿಶನ್ನು ಸೂಜಿಯ ತುದಿಯಿಂದ ಒಂದು ಹನಿ ಮುಟ್ಟಿಸಿ. ದಾರದೊಳಗೆ ಇಂಗುವಷ್ಟು ತೆಳುವಾಗಿದ್ದರೆ ಅದು ಕೊನೆಯ ಗಂಟಿಗೆ ಹಚ್ಚಲೆಂದೇ ಮಾರುವ ಹೆಡ್ ಸಿಮೆಂಟ್ ಎಂಬ ಅಂಟಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಬಾಟಲಿಯ ತಳದ ಮಂದವಾದ ಪಾಲಿಶ್ ಮಾತ್ರ ಮೇಲೆಯೇ ಕುಳಿತು ಆಮೇಲೆ ಚಕ್ಕೆಯಾಗಿ ಏಳುತ್ತದೆ. ಒಣಗುವ ಮೊದಲೇ ಕಣ್ಣಿನ ತೂತಿನಲ್ಲಿ ಸೂಜಿ ಆಡಿಸಿ ಸ್ವಚ್ಛ ಮಾಡಿಬಿಡಿ.

ತೇಲುವ ಫ್ಲೈಗೆ ನಿಮ್ಮ ಬಳಿ ಇರುವ ಕ್ರಾಫ್ಟ್ ಫೋಮ್‌ಗಿಂತ ಒಳ್ಳೆಯ ವಸ್ತು ಹುಡುಕಬೇಕಾಗಿಲ್ಲ. ಅದು ಇವಿಎ ಎಂಬ ಪ್ಲಾಸ್ಟಿಕ್ಕಿನ, ಮುಚ್ಚಿದ ಕೋಶಗಳ ಫೋಮ್. ಒಳಗಿನ ಪ್ರತಿ ಗುಳ್ಳೆಯೂ ಪ್ರತ್ಯೇಕವಾಗಿರುವುದರಿಂದ ನೀರು ಒಳಹೋಗುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜಿನ ಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ, ಆದ್ದರಿಂದ ಅದು ಕುಡಿದು ಮುಳುಗುತ್ತದೆ. ಥರ್ಮೋಕೋಲ್ ತೇಲುತ್ತದೆ ನಿಜ, ಆದರೆ ದಾರದ ಬಿಗಿಗೆ ಪುಡಿಯಾಗುತ್ತದೆ, ಮೇಲಾಗಿ ನೇಲ್ ಪಾಲಿಶೂ ಸೂಪರ್ ಗ್ಲೂ ಕೂಡ ಅದನ್ನು ಕರಗಿಸಿಬಿಡುತ್ತವೆ.

ಫೋಮಿನ ಜೀರುಂಡೆಯೊಂದನ್ನು ಕಟ್ಟಿ ನೋಡಿ. 2 ಮಿಲಿಮೀಟರ್ ದಪ್ಪದ ಕಪ್ಪು ಹಾಳೆಯಿಂದ, ಕೊಕ್ಕೆಯ ಮೊನೆಗೂ ದಂಡಕ್ಕೂ ನಡುವೆ ಇರುವ ಅಂತರದಷ್ಟು ಅಗಲದ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಮೊನಚು ಮಾಡಿ. ದಾರದ ಹಾಸಿನ ಮೇಲೆ ಸೂಪರ್ ಗ್ಲೂ ಒಂದು ಸಣ್ಣ ಹನಿ ಸವರಿ, ಪಟ್ಟಿಯ ಮೊನಚು ತುದಿಯನ್ನು ದಂಡದ ಮೇಲೆ ಕಟ್ಟಿ, ಉಳಿದ ಭಾಗ ಬಾಗಿನ ಹಿಂದಕ್ಕೆ ಚಾಚಿರಲಿ. ಇಲ್ಲಿ ಮೊದಲ ಎರಡು ಸುತ್ತು ಸಡಿಲವಾಗಿರಬೇಕು, ಮೂರನೆಯದರಿಂದ ನಿಧಾನವಾಗಿ ಬಿಗಿ ಹೆಚ್ಚಿಸಬೇಕು. ಮೊದಲ ಸುತ್ತನ್ನೇ ಜೋರಾಗಿ ಎಳೆದರೆ ದಾರ ಫೋಮನ್ನು ಚಾಕುವಿನಂತೆ ಕೊಯ್ದುಬಿಡುತ್ತದೆ. ದಂಡದ ಮೇಲೆ ತೆಳುವಾಗಿ ಕಪ್ಪು ನೂಲು ಸುತ್ತಿಕೊಂಡು ಬಂದು, ಕಣ್ಣಿನಿಂದ ದಂಡದ ಮೂರನೇ ಒಂದರಷ್ಟು ಹಿಂದೆ ನಿಲ್ಲಿಸಿ, ಫೋಮನ್ನು ಮುಂದಕ್ಕೆ ಮಡಚಿ ಅದೇ ಜಾಗದಲ್ಲಿ ಕಟ್ಟಿ. ಹಿಂದೆ ಉಬ್ಬಿದ ಬೆನ್ನು, ಮುಂದೆ ಮೋಟು ತಲೆ ತಾವಾಗಿಯೇ ರೂಪುಗೊಳ್ಳುತ್ತವೆ. ಕಾಲುಗಳಿಗೆ ತೆಳು ಎಲಾಸ್ಟಿಕ್ ದಾರದ ತುಂಡುಗಳನ್ನು ಅದೇ ಕಟ್ಟಿನ ಎರಡೂ ಬದಿಗೆ ಸೇರಿಸಿ. ಬೆನ್ನನ್ನು ತೀರಾ ಎಳೆದು ಮಡಚಬೇಡಿ: ಗುಳ್ಳೆಗಳು ಒತ್ತಿಹೋದಷ್ಟೂ ತೇಲುವ ಶಕ್ತಿ ಕುಗ್ಗುತ್ತದೆ. ಫೋಮ್ ದಂಡದ ಮೇಲುಗಡೆಯೇ ಇರಲಿ, ಕೆಳಕ್ಕೆ ಇಳಿದರೆ ಮೊನೆಯ ಮುಂದಿನ ಜಾಗ ಮುಚ್ಚಿ ಮೀನು ಕಚ್ಚಿದರೂ ಕೊಕ್ಕೆ ನಾಟುವುದಿಲ್ಲ. ಬೆನ್ನಿನ ಮೇಲೆ ಎದ್ದು ಕಾಣುವ ಬಣ್ಣದ ನೇಲ್ ಪಾಲಿಶಿನ ಒಂದು ಚುಕ್ಕೆ ಇಟ್ಟರೆ ದೂರದಿಂದ ನಿಮಗೆ ಕಾಣುತ್ತದೆ, ಕೆಳಗಿನಿಂದ ನೋಡುವ ಮೀನಿಗೆ ಕಾಣುವುದಿಲ್ಲ. ಈ ಫ್ಲೈ ನೀರಿಗೆ ಟಪ್ಪೆಂದು ಬೀಳುವುದೂ ದೋಷವಲ್ಲ, ದಡದ ಮರದಿಂದ ಜೀರುಂಡೆ ಬೀಳುವುದೂ ಹಾಗೆಯೇ.

ಮುಳುಗುವ ಫ್ಲೈಗೆ ಉಲ್ಲನ್ ನೂಲು ಮತ್ತು ತಾಮ್ರದ ಜೋಡಿಯೇ ಸಾಕು. 0.75 ಚದರ ಮಿಲಿಮೀಟರಿನ ಸಾಮಾನ್ಯ ಬಳುಕುವ ವೈರಿನಲ್ಲಿ 0.2 ಮಿಲಿಮೀಟರ್ ದಪ್ಪದ 24 ಎಳೆಗಳಿರುತ್ತವೆ. ಅದರ ಒಂದೇ ಎಳೆ ಭಾರಕ್ಕೂ ಆಗುತ್ತದೆ, ಮೈಯ ಪಟ್ಟೆಗೂ ಆಗುತ್ತದೆ. ವೈರ್ ಎಲ್ಲಿಗೂ ಜೋಡಿಸಿರದ ಹಳೆಯ ತುಂಡಾಗಿರಲಿ ಎಂದು ಹೇಳಬೇಕಾಗಿಲ್ಲ. ಕೆಟ್ಟ ಮೋಟಾರಿನ ಸುರುಳಿಯಲ್ಲಿ ಸಿಗುವ ವಾರ್ನಿಷ್ ಲೇಪಿತ ತಂತಿ ಕಪ್ಪಿಡದೆ ಬಹುಕಾಲ ಹೊಳಪು ಉಳಿಸಿಕೊಳ್ಳುವುದರಿಂದ ಪಟ್ಟೆಗೆ ಇನ್ನೂ ಉತ್ತಮ. ದಂಡದ ಮೇಲೆ ತಂತಿಯನ್ನು ಒತ್ತೊತ್ತಾಗಿ ಒಂದು ಪದರ, ನಡುವೆ ಮಾತ್ರ ಇನ್ನೊಂದು ಪದರ ಸುತ್ತಿ, ಅದರ ಮೇಲೆ ನೂಲಿನ ಒಂದೇ ಎಳೆಯನ್ನು ಹಿಂದಕ್ಕೂ ಮುಂದಕ್ಕೂ ಸುತ್ತಿದರೆ ಎರಡೂ ತುದಿ ತೆಳುವಾಗಿ ನಡು ಉಬ್ಬಿದ ಮೈ ಬರುತ್ತದೆ. ಹೊಸಬರಿಗೆ ನಾನು ಮೊದಲು ಕಟ್ಟಲು ಹೇಳುವ ಫ್ಲೈ ಇದು. ನೂಲನ್ನು ಇದ್ದಷ್ಟು ದಪ್ಪ ಬಳಸದೆ, ಹುರಿ ಬಿಚ್ಚಿ ನಾಲ್ಕೆಳೆಯಿದ್ದರೆ ಒಂದನ್ನಷ್ಟೇ ತೆಗೆದುಕೊಳ್ಳಿ. ಅಂಗಡಿಯ ಮಾದರಿಯ ಪಕ್ಕದಲ್ಲಿಟ್ಟರೆ ಮನೆಯಲ್ಲಿ ಕಟ್ಟಿದವು ದಢೂತಿಯಾಗಿ ಕಾಣುವುದು ಈ ಒಂದು ಕಾರಣಕ್ಕೇ.

ಭಾರಕ್ಕೆಂದು ಬೆಸುಗೆಯ ಸೀಸದ ತಂತಿ ಬಳಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ನೀರಿನಲ್ಲಿ ಉಳಿದ ಸೀಸ ಹಂಸ, ಬಾತುಗಳ ಹೊಟ್ಟೆ ಸೇರಿ ವಿಷವಾಗುತ್ತದೆ. ಇಂಗ್ಲೆಂಡಿನಲ್ಲಿ 1987ರಲ್ಲಿ ಗಾಳದ ಸೀಸದ ಗುಂಡುಗಳಲ್ಲಿ ಹೆಚ್ಚಿನವನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9, ಈ ವ್ಯತ್ಯಾಸವನ್ನು ಇನ್ನೊಂದು ಪದರ ತಂತಿ ತುಂಬಿಕೊಡುತ್ತದೆ. ಆಭರಣಕ್ಕೆ ಪೋಣಿಸುವ ಗಾಜಿನ ಮಣಿ ತಲೆಗೆ ಹೊಳಪು ಕೊಡುತ್ತದೆ, ಭಾರ ಕೊಡುವುದು ಅಲ್ಪ. ಪ್ಲಾಸ್ಟಿಕ್ ಮಣಿಯಿಂದ ಅದೂ ಇಲ್ಲ.

ಪುಕ್ಕಗಳ ವಿಷಯದಲ್ಲಿ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ನೀರಿನ ಮೇಲೆ ನಿಲ್ಲುವ ಡ್ರೈ ಫ್ಲೈಗೆ ಬೇಕಾದ ಹ್ಯಾಕಲ್, ಅಂದರೆ ಕೊಕ್ಕೆಯ ಸುತ್ತ ಸುತ್ತುವ ಗರಿ, ಉದ್ದವಾಗಿ, ಕಿರಿದಾಗಿ, ಪೆಡಸಾದ ಎಳೆಗಳುಳ್ಳದ್ದಾಗಿರಬೇಕು. ಅದಕ್ಕೆಂದೇ ತಳಿ ಬೆಳೆಸಿದ ಹುಂಜಗಳಿಂದ ಅದು ಬರುತ್ತದೆ, ಬೆಲೆಯೂ ಅದಕ್ಕೇ ಹೆಚ್ಚು. ದಿಂಬಿನ ಪುಕ್ಕವೂ ಕರಕುಶಲ ಪೊಟ್ಟಣದ ಗರಿಯೂ ಮೆತ್ತಗೆ, ಬುಡದಲ್ಲಿ ನಯವಾದ ತುಪ್ಪಳದಿಂದ ಕೂಡಿರುತ್ತವೆ, ನೀರು ಕುಡಿಯುತ್ತವೆ. ನಿಮ್ಮ ತೇಲುವ ಫ್ಲೈ ಮುಳುಗಲು ಇದು ಎರಡನೆಯ ಕಾರಣ. ಆದರೆ ಅದೇ ಮೆದುಗರಿ ಮುಳುಗುವ ಫ್ಲೈನ ಕುತ್ತಿಗೆಗೆ ಒಂದೂವರೆ ಸುತ್ತು ಹಾಕಿದರೆ ಹರಿವಿನಲ್ಲಿ ಉಸಿರಾಡುವಂತೆ ಅಲುಗುತ್ತದೆ. ಅಲಂಕಾರದ ಗರಿ ಹಾರಗಳಲ್ಲಿ ಸಿಗುವ ಮರಬೂ, ಅಂದರೆ ಈಗ ಹೆಚ್ಚಾಗಿ ಟರ್ಕಿ ಕೋಳಿಯಿಂದ ಬರುವ ಉದ್ದನೆಯ ಮೆತ್ತನೆಯ ಪುಕ್ಕ, ಸಣ್ಣ ಮೀನಿನಂತೆ ಕಾಣುವ ಸ್ಟ್ರೀಮರ್ ಎಂಬ ಫ್ಲೈನ ಬಾಲಕ್ಕೆ ಅಂಗಡಿಯದಕ್ಕೆ ಸರಿಸಮ. ಡ್ರೈ ಫ್ಲೈ ಬೇಕೇ ಬೇಕೆಂದರೆ ಅಗ್ಗದ ಹ್ಯಾಕಲ್ ಜೊತೆ ಗುದ್ದಾಡುವ ಬದಲು ಫೋಮ್ ಮೈಗೆ ಪಾಲಿಪ್ರೊಪಿಲೀನ್ ನೂಲಿನ ರೆಕ್ಕೆ ಕಟ್ಟಿ. ಎಲ್ಲೋ ಬಿದ್ದ ಕಾಡುಹಕ್ಕಿಯ ಗರಿಯನ್ನು ಎತ್ತಿಕೊಳ್ಳುವ ಮೊದಲು ನಿಮ್ಮ ದೇಶದ ಕಾನೂನನ್ನು ವಿಚಾರಿಸಿ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಬಹಳಷ್ಟು ಹಕ್ಕಿಗಳ ಉದುರಿದ ಗರಿ ಇಟ್ಟುಕೊಳ್ಳುವುದೂ ಅಪರಾಧ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಯಿಯ ಒಳಪದರದ ಮೃದು ಕೂದಲು ಡಬ್ಬಿಂಗಿಗೆ, ಅಂದರೆ ದಾರಕ್ಕೆ ಹೊಸೆದು ಮೈ ಸುತ್ತುವುದಕ್ಕೆ, ಅತ್ಯುತ್ತಮ, ಮನುಷ್ಯರ ಕೂದಲು ನುಣುಪಾಗಿರುವುದರಿಂದ ದಾರಕ್ಕೆ ಹಿಡಿಯುವುದಿಲ್ಲ. ಬೇರೆ ಬೇರೆ ಬಣ್ಣದ ನೂಲನ್ನು ಸಣ್ಣಗೆ ಕತ್ತರಿಸಿ, ಸೋಪು ನೀರಿರುವ ಡಬ್ಬಿಯಲ್ಲಿ ಹಾಕಿ ಕುಲುಕಿ, ಹಿಂಡಿ ಒಣಗಿಸಿದರೆ ಬಣ್ಣಗಳು ಹದವಾಗಿ ಬೆರೆಯುತ್ತವೆ. ಹಳೆಯ ಆಡಿಯೊ ಕ್ಯಾಸೆಟ್ಟಿನ ಟೇಪು, ನೀರೊಳಗಿನ ಮರಿಹುಳುವನ್ನು ಹೋಲುವ ನಿಂಫ್ ಎಂಬ ಫ್ಲೈನ ಬೆನ್ನಿಗೆ ಹೇಳಿಮಾಡಿಸಿದಂತಿದೆ. ತಿಂಡಿ ಪೊಟ್ಟಣದ ಒಳಗಿನ ಬೆಳ್ಳಿ ಹಾಳೆಯೂ ಪಟ್ಟೆಗೆ ಆಗುತ್ತದೆ, ಆದರೆ ಅದರ ಲೇಪ ಉಜ್ಜಿದರೆ ಹೋಗುವುದರಿಂದ ಮೇಲೆ ನೇಲ್ ಪಾಲಿಶ್ ಬೇಕು. ನೆಲ ಒರೆಸುವ ಮೈಕ್ರೊಫೈಬರ್ ಮಾಪಿನ ಒಂದು ಬೆರಳನ್ನು ಕತ್ತರಿಸಿ ಕಟ್ಟಿದರೆ ಹುಳುವಿನಂಥ ಫ್ಲೈ ಸಿದ್ಧ. ಸಂಪ್ರದಾಯವಾದಿಗಳು ಅದನ್ನು ಫ್ಲೈ ಎಂದು ಒಪ್ಪುವುದಿಲ್ಲ, ಟ್ರೌಟ್ ಮೀನು ಒಪ್ಪುತ್ತದೆ. ಹಿಗ್ಗುವ ರಬ್ಬರ್ ಆಟಿಕೆಯ ಎಳೆಗಳಿಂದಲೂ ಹುಳು ಕಟ್ಟಬಹುದು, ಅದಕ್ಕೆ ಮಾತ್ರ ನೇಲ್ ಪಾಲಿಶ್ ತಾಗಿಸಬೇಡಿ, ಕರಗಿಹೋಗುತ್ತದೆ.

ಕೊನೆಯದಾಗಿ ಸಂಗ್ರಹ. ದಿಂಬಿನಿಂದ, ಕೋಳಿಯಿಂದ, ಪ್ರಾಣಿಗಳ ಮೈಯಿಂದ ಬಂದದ್ದನ್ನೆಲ್ಲ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎರಡು ವಾರ ಫ್ರೀಜರಿನಲ್ಲಿಡಿ; ಹೊರತೆಗೆದು ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಫ್ರೀಜರಿಗೆ ಹಾಕಿ. ನುಸಿ ಮತ್ತು ಕಾರ್ಪೆಟ್ ಜೀರುಂಡೆಯ ಮೊಟ್ಟೆಗಳು ಮೊದಲ ಸುತ್ತಿನಲ್ಲಿ ಉಳಿದುಕೊಂಡರೂ ಎರಡನೆಯದರಲ್ಲಿ ಸಾಯುತ್ತವೆ. ಹೊಸದಾಗಿ ತಂದ ಗರಿಯನ್ನು ಈ ಕ್ರಮ ಮುಗಿಯುವವರೆಗೆ ಹಳೆಯ ಸಂಗ್ರಹದ ಜೊತೆ ಸೇರಿಸಬೇಡಿ. ಬಳಸಿದ ಫ್ಲೈಗಳನ್ನು ಡಬ್ಬಿಗೆ ಹಾಕುವ ಮೊದಲು ಒಂದು ರಾತ್ರಿ ತೆರೆದಿಟ್ಟು ಒಣಗಲು ಬಿಡಿ, ಏಕೆಂದರೆ ಒಂದು ಒದ್ದೆ ಉಣ್ಣೆ ಫ್ಲೈ ಮುಚ್ಚಿದ ಡಬ್ಬಿಯಲ್ಲಿದ್ದರೆ ಅಕ್ಕಪಕ್ಕದ ಕೊಕ್ಕೆಗಳಿಗೂ ತುಕ್ಕು ಹಿಡಿಯುತ್ತದೆ.